ಓಣಿಯ ಮೂಲೆಯ ಅಂಗಡಿ: ಒಂದು ಚಿತ್ರಪಟವೂ ನಮ್ಮ ಅಭಿಪ್ರಾಯಗಳೂ



ಕಳೆದ ಡಿಸೆಂಬರ ತಿಂಗಳಲ್ಲಿ, ಕ್ರಿಸ್ಮಸ್ ರಜೆಗಾಗಿ ಶಾಲೆಯು ಮುಚ್ಚುವ ಮುನ್ನಾದಿನ, ನಮ್ಮ ಸಭಾಗೃಹದ ಗೋಡೆಗೆ ಬಿಳಿಯ ಪರದೆಯನ್ನು ಕಟ್ಟಿ ಒಂದು ಹಳೆಯ ಇಂಗ್ಲಿಷ್ ಚಿತ್ರಪಟವನ್ನು ತೋರಿಸಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮೇಲಿನ ತರಗತಿಗಳ ಹುಡುಗಿಯರೂ, ಅವರನ್ನು ಊರಿಗೆ ಕರೆದುಕೊಂಡು ಹೋಗಲು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಡೆಯಿಂದ ಬಂದಿದ್ದ ತಂದೆತಾಯಿಗಳೂ, ಹಬ್ಬಕ್ಕೆಂದು ತವರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿನಿಯರೂ ಒಂದೇ ಜಮಖಾನೆಯ ಮೇಲೆ ಕುಳಿತು ಅದನ್ನು ನೋಡಿದರು. ಇಂಗ್ಲಿಷ್ ವಿಷಯದ ಶಿಕ್ಷಕಿಯರು ಅಲ್ಲಲ್ಲಿ ಚಿತ್ರವನ್ನು ನಿಲ್ಲಿಸಿ ಕನ್ನಡದಲ್ಲಿ ಅರ್ಥವನ್ನು ಹೇಳುತ್ತಿದ್ದುದರಿಂದ, 99 ನಿಮಿಷಗಳ ಚಿತ್ರಪಟವು ಎರಡೂವರೆ ತಾಸು ನಡೆಯಿತು. ಚಿತ್ರವೇನೋ ಮುಗಿಯಿತು, ಅದರ ವಿಷಯವಾದ ಚರ್ಚೆಯು ಮಾತ್ರ ಇನ್ನೂ ಮುಗಿದಿಲ್ಲ. ಕೆಲವರು ಮೆಚ್ಚಿ ಪತ್ರ ಬರೆದರು. ಕೆಲವರು ಶಾಲೆಗೆ ಬಂದು ಅಸಮಾಧಾನವನ್ನು ತಿಳಿಸಿದರು. ನನ್ನ ಅಭಿಪ್ರಾಯವೇನೆಂದು ಕೇಳಿದವರೂ ಉಂಟು. ಅವರೆಲ್ಲರಿಗೂ ಬೇರೆ ಬೇರೆ ಉತ್ತರ ಕೊಡುವದಕ್ಕಿಂತ ಈ ಸಂಚಿಕೆಯಲ್ಲಿಯೇ ನಾಲ್ಕು ಮಾತು ಬರೆಯುವದು ಲೇಸೆಂದು ತೋರಿತು.

ಅಂದು ಬಾರದೆ ಇದ್ದವರಿಗಾಗಿ ಮೊದಲು ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಚಿತ್ರಪಟದ ಹೆಸರು ‘ದಿ ಶಾಪ್ ಅರೌಂಡ್ ದಿ ಕಾರ್ನರ್’. ನಮ್ಮ ಮಾತಿನಲ್ಲಿ ಹೇಳುವದಾದರೆ, ಓಣಿಯ ಮೂಲೆಯ ಅಂಗಡಿ. ಹಂಗೇರಿ ದೇಶದ ಮಿಕ್ಲೋಷ್ ಲಾಸ್ಲೋ ಎಂಬ ಲೇಖಕನ 1937ರ ನಾಟಕವೊಂದನ್ನು ಆಧಾರವಾಗಿಟ್ಟುಕೊಂಡು ಅರ್ನ್‌ಸ್ಟ್ ಲ್ಯೂಬಿಚ್ ಎಂಬ ನಿರ್ದೇಶಕನು ಇದನ್ನು ಅಮೇರಿಕೆಯಲ್ಲಿ ತಯಾರಿಸಿದನು. 1940ರಲ್ಲಿ ಅದು ಹೊರಗೆ ಬಂತು. ಲ್ಯೂಬಿಚ್ಚನು ಬರ್ಲಿನ್ ಪಟ್ಟಣದ ಒಬ್ಬ ದರ್ಜಿಯ ಮಗನು. ಎಳೆಯ ವಯಸ್ಸಿನಲ್ಲಿ ತಂದೆಯ ಅಂಗಡಿಯಲ್ಲಿ ದುಡಿದವನು. ಆದುದರಿಂದಲೇ ಗಿರಾಕಿಯ ಮುಂದಿನ ನಗೆ, ಮಾಲಕನ ಮುಂದಿನ ಅಂಜಿಕೆ, ಪಗಾರದ ಚಿಂತೆ ಇವೆಲ್ಲವೂ ಅವನ ಚಿತ್ರದಲ್ಲಿ ನಮ್ಮ ಪೇಟೆಯ ಅಂಗಡಿಗಳಲ್ಲಿ ಕಂಡಷ್ಟೇ ನಿಜವಾಗಿ ಕಾಣುತ್ತವೆ.

ಬೂಡಾಪೆಸ್ಟ್ ಪಟ್ಟಣದಲ್ಲಿ ಮಾತುಶೆಕ್ ಎಂಬ ವೃದ್ಧನದೊಂದು ಚರ್ಮದ ಸಾಮಾನಿನ ಅಂಗಡಿ. ಅಲ್ಲಿ ಕ್ರಾಲಿಕ್ ಎಂಬ ತರುಣನು ಹಿರಿಯ ಗುಮಾಸ್ತನು. ಕ್ಲಾರಾ ಎಂಬ ತರುಣಿಯು ಹೊಸದಾಗಿ ನೌಕರಿಗೆ ಬರುತ್ತಾಳೆ. ಇವರಿಬ್ಬರಿಗೂ ದಿನಬೆಳಗಾದರೆ ಜಗಳ. ಆದರೆ ಇಬ್ಬರೂ ಒಬ್ಬೊಬ್ಬ ಅಪರಿಚಿತ ಸ್ನೇಹಿತರಿಗೆ ಹೆಸರು ಹೇಳದೆ ಟಪಾಲಿನಲ್ಲಿ ಪತ್ರ ಬರೆಯುತ್ತಿರುತ್ತಾರೆ. ಪುಸ್ತಕಗಳ ವಿಷಯ, ಬಾಳಿನ ವಿಷಯ, ಮನಸ್ಸಿನ ಎತ್ತರದ ವಿಷಯ. ಪತ್ರದಲ್ಲಿ ಒಬ್ಬರನ್ನೊಬ್ಬರು ಪೂಜಿಸುವವರೂ ಅಂಗಡಿಯಲ್ಲಿ ಒಬ್ಬರನ್ನೊಬ್ಬರು ಕುಟುಕುವವರೂ ಇವರೇ ಎಂಬದು ಅವರಿಗೆ ತಿಳಿಯದು. ಒಂದು ಸಾಯಂಕಾಲ ಕಾಫಿಯ ಅಂಗಡಿಯಲ್ಲಿ ಭೆಟ್ಟಿಯಾಗುವದೆಂದು ಗೊತ್ತಾಗುತ್ತದೆ. ಅವಳು ಗುರುತಿಗಾಗಿ ಟಾಲ್‌ಸ್ಟಾಯರ ‘ಅನ್ನಾ ಕರೆನಿನಾ’ ಪುಸ್ತಕವನ್ನೂ ಒಂದು ಹೂವನ್ನೂ ಇಟ್ಟುಕೊಂಡು ಕುಳಿತಿರುತ್ತಾಳೆ. ಅದೇ ದಿನ ಮಾಲಕನ ಒಂದು ಸುಳ್ಳು ಸಂಶಯಕ್ಕೆ ಗುರಿಯಾಗಿ ನೌಕರಿ ಕಳೆದುಕೊಂಡ ಕ್ರಾಲಿಕನು ಕಿಡಕಿಯ ಆಚೆ ನಿಂತು, ತನ್ನ ಪತ್ರಸಖಿಯು ಕ್ಲಾರಾಳೇ ಎಂಬದನ್ನು ತಿಳಿಯುತ್ತಾನೆ. ತಿಳಿದೂ ಹೇಳುವದಿಲ್ಲ. ಮುಂದೆ ಮಾಲಕನಿಗೆ ತನ್ನ ತಪ್ಪು ಗೊತ್ತಾಗಿ, ಕ್ರಾಲಿಕನು ವ್ಯವಸ್ಥಾಪಕನಾಗಿ ಮರಳಿ ಬರುತ್ತಾನೆ. ಕ್ರಿಸ್ಮಸ್ ಹಬ್ಬದ ಮುನ್ನಾದಿನದ ರಾತ್ರಿ ಅಂಗಡಿಯ ದೀಪಗಳು ಆರುವ ಹೊತ್ತಿಗೆ ಅವನು ತನ್ನ ಗುಟ್ಟನ್ನು ಬಿಚ್ಚುತ್ತಾನೆ. ಅಲ್ಲಿಗೆ ಕಥೆಯು ಸುಖಾಂತವಾಗುತ್ತದೆ.

ಈ ಚಿತ್ರದಲ್ಲಿ ಪಿರೋವಿಚ್ ಎಂಬ ಇನ್ನೊಬ್ಬ ಗುಮಾಸ್ತನಿದ್ದಾನೆ. ಹೆಂಡಿರು ಮಕ್ಕಳುಳ್ಳ ಬಡವನು, ಸಜ್ಜನನು. ಮಾಲಕನು ಯಾವಾಗ “ನಿನ್ನ ಪ್ರಾಮಾಣಿಕ ಅಭಿಪ್ರಾಯವನ್ನು ಹೇಳು” ಎಂದು ಕೇಳುವನೋ, ಆಗ ಈತನು ಮೆಟ್ಟಲು ಹತ್ತಿ ಮಾಯವಾಗುತ್ತಾನೆ. ಹುಡುಗಿಯರು ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿತ್ರ ಮುಗಿದ ಮೇಲೆ ನಾನು ಎದ್ದು ನಿಂತು, “ಹೇಗಿತ್ತು? ನಿಜವಾದ ಅಭಿಪ್ರಾಯ ಹೇಳಿರಿ” ಎಂದು ಕೇಳಿದೆನು. ನಕ್ಕವರೆಲ್ಲರೂ ಒಂದೇ ಧ್ವನಿಯಿಂದ, “ಭಾಳ ಚಲೋ ಇತ್ರಿ, ಅಕ್ಕೋರ” ಅಂದರು! ನನ್ನ ಮುಂದೆ ಇನ್ನೂರು ಮಂದಿ ಪಿರೋವಿಚ್ಚರು ಕುಳಿತಂತೆ ನನಗೆ ತೋರಿತು. ಆಗ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಹೆಸರು ಹಾಕದೆ ಮನಸ್ಸಿಗೆ ಬಂದುದನ್ನು ಬರೆಯಿರೆಂದು ಹೇಳಿದೆನು. ಆ ಚೀಟಿಗಳಲ್ಲಿದ್ದ ಮಾತುಗಳೇ ಈ ಲೇಖನಕ್ಕೆ ಕಾರಣವಾದವು.

ಕೆಲವರು, “ಇದರಾಗ ಕ್ರಿಸ್ಮಸ್ ಎಲ್ಲೈತ್ರಿ?” ಎಂದು ಬರೆದಿದ್ದರು. ದೇವಾಲಯವಿಲ್ಲ, ಕೀರ್ತನೆಯಿಲ್ಲ, ಗೋದಲಿಯಿಲ್ಲ. ಬರಿಯ ಹಿಮವೂ ಮಾರಾಟವೂ ಇವೆ ಎಂಬದು ಅವರ ಆಕ್ಷೇಪಣೆ. ಇದಕ್ಕೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಚೀಟಿಯಲ್ಲಿಯೇ ಉತ್ತರವಿತ್ತು. ಹಬ್ಬದ ರಾತ್ರಿ ಮಾತುಶೆಕ್ಕನು ಅಂಗಡಿಯ ಹೊರಗೆ ಹಿಮದಲ್ಲಿ ಒಬ್ಬನೇ ನಿಂತು, ಹೊರಡುವ ನೌಕರರನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸುತ್ತಾನೆ. ಎಲ್ಲರಿಗೂ ತಮ್ಮ ತಮ್ಮ ಮನೆಗಳುಂಟು. ಕೊನೆಗೆ ರೂಡಿ ಎಂಬ ಹೊಸ ಹುಡುಗನು ಹೊರಗೆ ಬರುತ್ತಾನೆ. ಆ ಪಟ್ಟಣದಲ್ಲಿ ಅವನಿಗೆ ಯಾರೂ ಇಲ್ಲ. ಮುದುಕನ ಮುಖವು ಅರಳುತ್ತದೆ. ಹೆಬ್ಬಾತಿನ ಮಾಂಸವೇ ಮೊದಲಾಗಿ ಊಟದ ಬಗೆಗಳನ್ನು ಬಣ್ಣಿಸುತ್ತ ಅವನನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಾನೆ. “ಆ ಹುಡುಗ ಬಡವ ಅಂತ ಅಲ್ಲ, ಮುದುಕ ಒಬ್ಬನ ಆಗಿದ್ದ ಅಂತ ನನಗ ಅಳು ಬಂತು” ಎಂದು ಆ ಹುಡುಗಿಯು ಬರೆದಿದ್ದಾಳೆ. ಹಬ್ಬದ ದಿನ ಕರಚಿಕಾಯಿ, ಚಕ್ಕುಲಿಗಳ ತಟ್ಟೆಯ ಮೇಲೆ ಬಟ್ಟೆ ಮುಚ್ಚಿ, ಜಾತಿಮತಗಳನ್ನು ಎಣಿಸದೆ ಓಣಿಯ ಮನೆಮನೆಗೆ ಕಳಿಸುವ ನಮ್ಮ ಹಳ್ಳಿಯ ತಾಯಂದಿರಿಗೆ ಇದಕ್ಕಿಂತ ಹೆಚ್ಚು ವಿವರಿಸುವ ಅವಶ್ಯಕತೆಯಿಲ್ಲ.

ಅಣ್ಣಿಗೇರಿಯ ಕಡೆಯ ಅರಿವೆಯ ಅಂಗಡಿಯವರೊಬ್ಬರು ಹುಡುಗ ಹುಡುಗಿಯರ ಕಥೆಯನ್ನು ಬದಿಗಿಟ್ಟು, “ಅಷ್ಟು ವರ್ಷ ದುಡಿದ ಮನಿಷ್ಯಾನ್ನ ಒಂದು ಸಂಶೇದ ಮ್ಯಾಲೆ ಹೊರಗ ಹಾಕಿದ್ದು ನೋಡಿ ಭಾಳ ಕೆಟ್ಟ ಅನಿಸ್ತು, ನಮ್ಮ ಅಂಗಡ್ಯಾಗಿನ ಹುಡುಗ ನೆನಪಾದ” ಎಂದು ಬರೆದಿದ್ದಾರೆ. ಈ ಅಭಿಪ್ರಾಯವನ್ನು ನಾನು ಬಹಳ ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ಯಾವದೊಂದು ಕಥೆಯನ್ನು ನೋಡಿ ತನ್ನ ಕೈಕೆಳಗಿನವನನ್ನು ನೆನೆಸುವ ಮಾಲಕನು ಆ ಕಥೆಯ ಸಾರವನ್ನು ಕಂಡವನೇ ಸರಿ.

ಇನ್ನು, ಬಹು ಗಟ್ಟಿಯಾಗಿ ಕೇಳಿಬಂದ ಆಕ್ಷೇಪಣೆಯು ಕಲಘಟಗಿಯ ಕಡೆಯ ತಾಯಿಯೊಬ್ಬರದು. “ಹೆಣ್ಣುಮಕ್ಕಳ ಸಾಲ್ಯಾಗ ಪ್ರೀತಿ ಪತ್ರದ ಸಿನೇಮಾ ಯಾಕ್ರಿ? ನಾವು ಮೊದಲ ಮೊಬೈಲಿಗೆ ಅಂಜಿ ಕುಂತೇವಿ” ಎಂಬ ಅವರ ಮಾತಿಗೆ ಅನೇಕ ಪಾಲಕರು ತಲೆದೂಗಿದರು. ಈ ಭಯವು ಹುಸಿಯಾದುದೆಂದು ನಾನು ಹೇಳಲಾರೆ. ಗುರುತಿಲ್ಲದವರು ಸವಿಮಾತಿನಿಂದ ಹುಡುಗಿಯರನ್ನು ವಂಚಿಸಿದ ಸಂಗತಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಆದರೆ ಈ ಭಯವು ಹೊಸದಲ್ಲ. 19ನೆಯ ಶತಮಾನದಲ್ಲಿ ನಮ್ಮ ದೇಶದಲ್ಲಿ ಹೆಣ್ಣುಮಕ್ಕಳ ಶಾಲೆಗಳು ಹುಟ್ಟಿದಾಗಲೂ, ಅಕ್ಷರ ಬಂದರೆ ಅವರು ಪರಪುರುಷರಿಗೆ ಪತ್ರ ಬರೆದಾರು ಎಂದೇ ಅನೇಕರು ವಿರೋಧಿಸಿದರು. ಆ ಮಾತಿಗೆ ಅಂಜಿ ಶಾಲೆಗಳು ಬಾಗಿಲು ಮುಚ್ಚಿದ್ದರೆ ಇಂದು ಈ ಲೇಖನವನ್ನು ಬರೆಯುವವಳೂ ಇರುತ್ತಿರಲಿಲ್ಲ, ಓದುವವರೂ ಇರುತ್ತಿರಲಿಲ್ಲ. ಅದಲ್ಲದೆ ಪ್ರೀತಿಯ ಜಗಳವನ್ನು ನೋಡಿ ನಗುವದು ನಮ್ಮ ನಾಡಿಗೆ ಹೊಸ ರೂಢಿಯೂ ಅಲ್ಲ. ಕುಲಗೋಡದ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಒಂದು ಹೂವಿನ ಸಲುವಾಗಿ ಸತ್ಯಭಾಮೆಯು ಮುನಿಸಿಕೊಳ್ಳುವದನ್ನು ನಮ್ಮ ಹಿರಿಯರು ಬೆಳತನಕ ಕುಳಿತು ನೋಡಿಲ್ಲವೇ? ಮನೆಮಂದಿಯೊಡನೆ ಬಯಲಿನಲ್ಲಿ ಕುಳಿತು ನೋಡಿದುದರಿಂದ ಯಾರೂ ಕೆಡಲಿಲ್ಲ. ಕದ್ದು ನೋಡುವದರಲ್ಲಿಯೇ ಕೇಡಿರುವದು. ತಾಯಿಯ ಮಗ್ಗುಲಲ್ಲಿ ಕುಳಿತು ನೋಡಿ, ಬಳಿಕ ತಾಯಿಯೊಡನೆ ವಾದಿಸಲೆಂದೇ ನಾವು ಇದನ್ನು ಶಾಲೆಯಲ್ಲಿ ತೋರಿಸಿದೆವು.

ಆದರೆ ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಈ ಆಕ್ಷೇಪಣೆಯಲ್ಲ. ಹಳೆಯ ವಿದ್ಯಾರ್ಥಿನಿಯರ ಚೀಟಿಗಳಲ್ಲಿ ಒಂದೇ ಮಾತು ಬೇರೆ ಬೇರೆ ಕೈಬರಹದಲ್ಲಿ ಮತ್ತೆ ಮತ್ತೆ ಬಂದಿತ್ತು: “ಅವಗ ಗೊತ್ತಿತ್ತು, ಆಕಿಗೆ ಗೊತ್ತಿರಲಿಲ್ಲ. ಇದು ಮೋಸ ಅಲ್ಲೇನ್ರಿ?”

ವಾಚಕರು ಇದನ್ನು ಸಾವಧಾನವಾಗಿ ವಿಚಾರಿಸಬೇಕು. ಕಥೆಯ ಪೂರ್ವಾರ್ಧದಲ್ಲಿ ಇಬ್ಬರೂ ಸಮಾನರು, ಇಬ್ಬರಿಗೂ ತಿಳಿಯದು. ಕಾಫಿಯ ಅಂಗಡಿಯ ಕಿಡಕಿಯಲ್ಲಿ ನೋಡಿದ ಕ್ಷಣದಿಂದ ಅವನು ಮೇಲಿನವನಾದನು, ಅವಳು ಕೆಳಗಿನವಳಾದಳು. ಪತ್ರ ಬಾರದ ದುಃಖದಿಂದ ಅವಳು ಹಾಸಿಗೆ ಹಿಡಿಯುತ್ತಾಳೆ. ಅವನು ನೋಡಲು ಹೋಗಿ, ತಾನೇ ಬರೆದ ಪತ್ರವು ಅವಳ ಕೈಸೇರಿ ಅವಳು ಹಿಗ್ಗುವದನ್ನು ಸುಮ್ಮನೆ ನೋಡುತ್ತಾನೆ. ಹಬ್ಬದ ರಾತ್ರಿಯಲ್ಲಂತೂ ಅವಳ ಪತ್ರಸಖನು ಬೊಜ್ಜಿನವನು, ಬೋಳುತಲೆಯವನು, ನೌಕರಿಯಿಲ್ಲದವನು ಎಂದು ಸುಳ್ಳು ಹೇಳಿ ಅವಳ ಮನಸ್ಸನ್ನು ಅಲುಗಾಡಿಸಿ, ಆಮೇಲೆ ನಿಜವನ್ನು ತಿಳಿಸುತ್ತಾನೆ. ಅವನ ಹೃದಯವು ಒಳ್ಳೆಯದೇ. ಅವಳೂ ಅವನನ್ನು ಬಿರುನುಡಿಗಳಿಂದ ನೋಯಿಸಿದ್ದಾಳೆ. ಪತ್ರದಲ್ಲಿ ಉದಾತ್ತಳೂ ಅಂಗಡಿಯಲ್ಲಿ ಮೊನಚು ಮಾತಿನವಳೂ ಆಗಿರುವದು ಅವಳ ದೋಷವೇ ಸರಿ. ಆದರೂ ತಿಳಿದವನು ತಿಳಿಯದವಳನ್ನು ಪರೀಕ್ಷಿಸುವದು ಸಮಾನರ ಆಟವಲ್ಲ.

ಇದನ್ನು ಒಂದು ಹೋಲಿಕೆಯಿಂದ ಸ್ಪಷ್ಟಪಡಿಸಬಹುದು. ಅಂದು ಬಂದಿದ್ದ ತಾಯಂದಿರು ಕೂಡಲೇ ನೆನೆಸಿದ ಕನ್ನಡ ಚಿತ್ರಪಟವು ರವಿಚಂದ್ರನ್ ಅವರ ‘ಯಾರೇ ನೀನು ಚೆಲುವೆ’. ಡಿ. ರಾಜೇಂದ್ರಬಾಬು ಅವರು ನಿರ್ದೇಶಿಸಿದ ಇದು 1998ರಲ್ಲಿ ಬಂತು. ಇದರ ಮೂಲವು ಅಗತ್ಯನ್ ಅವರ 1996ರ ‘ಕಾದಲ್ ಕೋಟೈ’ ಎಂಬ ತಮಿಳು ಚಿತ್ರ. ಅದಕ್ಕಾಗಿ ಅವರಿಗೆ ಶ್ರೇಷ್ಠ ನಿರ್ದೇಶಕರೆಂಬ ರಾಷ್ಟ್ರಪ್ರಶಸ್ತಿಯು ದೊರೆಯಿತು. ಆ ತಮಿಳು ಕಥೆಯಲ್ಲಿಯೂ ಪತ್ರದಿಂದಲೇ ಪ್ರೀತಿಯು ಬೆಳೆಯುತ್ತದೆ. ಆದರೆ ಅಲ್ಲಿ ಇಬ್ಬರೂ ಎದುರುಬದುರಾದಾಗ ಅವನಿಗೂ ಗುರುತಿಲ್ಲ, ಅವಳಿಗೂ ಗುರುತಿಲ್ಲ. ಕಟ್ಟಕಡೆಗೆ ರೇಲ್ವೆ ನಿಲ್ದಾಣದಲ್ಲಿ ಇಬ್ಬರೂ ಕೂಡಿಯೇ ತಿಳಿಯುತ್ತಾರೆ. ನೋಡುವವರ ಎದೆಯು ಡವಗುಟ್ಟುತ್ತದೆ, ಆದರೆ ಯಾರ ಮೇಲೂ ಸಿಟ್ಟು ಬರುವದಿಲ್ಲ. ಸೋಜಿಗದ ಸಂಗತಿಯೆಂದರೆ ಅದೇ 1998ರಲ್ಲಿ ಅಮೇರಿಕೆಯವರು ಮೂಲೆಯ ಅಂಗಡಿಯ ಕಥೆಯನ್ನೇ ಗಣಕಯಂತ್ರದ ಪತ್ರಗಳಿಗೆ ಹೊಂದಿಸಿ ‘ಯೂ ಹ್ಯಾವ್ ಗಾಟ್ ಮೇಲ್’ ಎಂಬ ಚಿತ್ರವನ್ನು ತೆಗೆದರು. ಟಪಾಲು ಹೋಗಿ ಯಂತ್ರವು ಬಂದರೂ ಅಲ್ಲಿಯೂ ಗಂಡಸಿಗೆ ಮೊದಲು ತಿಳಿಯುತ್ತದೆ, ಹೆಂಗಸಿಗೆ ಕೊನೆಗೆ ತಿಳಿಯುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಇದು ಸಿನೇಮಾದ ಮಾತಾಗಿಯೇ ಉಳಿಯುತ್ತಿತ್ತು. ಆದರೆ ಒಂದು ಚೀಟಿಯಲ್ಲಿ ಎರಡೇ ಸಾಲುಗಳಿದ್ದವು: “ಕ್ಲಾರಾಗ ಕಡೀಕರ ಗೊತ್ತಾತು. ನನ್ನ ಲಗ್ನದಾಗ ಎಲ್ಲಾರಿಗೂ ಗೊತ್ತಿತ್ತು, ನನಗಷ್ಟ ಗೊತ್ತಿರಲಿಲ್ಲ.”

ಬರೆದವಳು ಯಾರೆಂದು ನಾನು ಹುಡುಕಲಿಲ್ಲ. ಏನು ಗೊತ್ತಿರಲಿಲ್ಲವೆಂಬದೂ ಆ ಚೀಟಿಯಲ್ಲಿಲ್ಲ. ವರನ ಸಾಲವೋ, ಬೇನೆಯೋ, ಕುಡಿತವೋ, ಮೊದಲಿನ ಸಂಬಂಧವೋ. ನಮ್ಮ ಊರುಗಳಲ್ಲಿ ಇಂಥವು ಬೀಗರಿಗೆಲ್ಲ ತಿಳಿದಿದ್ದು ಮದುಮಗಳಿಗೆ ಮಾತ್ರ ಅಕ್ಕಿಕಾಳಿನ ಮರುದಿನ ತಿಳಿಯುವದುಂಟು. ಕನ್ಯೆಯನ್ನು ನೋಡಲು ಬಂದವರು ಅವಳ ಬಣ್ಣ, ಎತ್ತರ, ಓದು, ಅಡಿಗೆ ಎಲ್ಲವನ್ನೂ ವಿಚಾರಿಸಿ ಹೋಗುತ್ತಾರೆ. ಅವಳು ತಿರುಗಿ ಒಂದು ಪ್ರಶ್ನೆ ಕೇಳಿದರೆ ಹುಡುಗಿಯು ಗಟ್ಟಿ ಬಾಯಿಯವಳೆನ್ನುತ್ತಾರೆ. ಪತ್ರದ ಪ್ರೀತಿಗೆ ಅಂಜುವ ನಾವು ಈ ಪದ್ಧತಿಗೆ ಏಕೆ ಅಂಜುವದಿಲ್ಲ? ಗುರುತಿಲ್ಲದವನಿಗೆ ಮನಸ್ಸು ಕೊಡುವದು ತಪ್ಪೆಂದಾದರೆ, ಗುರುತಿಲ್ಲದವನಿಗೆ ಮಗಳನ್ನು ಕೊಡುವದು ಹೇಗೆ ಸರಿಯಾದೀತು?

ಈ ಮಾತನ್ನು ಪಾಲಕರಿಗೆ ಹೇಳುವ ಮೊದಲು ನಾನು ನನ್ನ ತಪ್ಪನ್ನೇ ಒಪ್ಪಿಕೊಳ್ಳಬೇಕು. ಸುಮಾರು ಇಪ್ಪತ್ತು ವರುಷಗಳ ಹಿಂದೆ ನಾನು ಬೇರೊಂದು ಊರಿನಲ್ಲಿ ಹೆಣ್ಣುಮಕ್ಕಳ ವಸತಿಗೃಹವನ್ನು ನೋಡಿಕೊಳ್ಳುತ್ತಿದ್ದೆನು. ಹುಡುಗಿಯರಿಗೆ ಬಂದ ಪತ್ರಗಳನ್ನು ಒಡೆದು ನೋಡುವದು ನನ್ನ ಕೆಲಸವಾಗಿತ್ತು. ಒಂದು ದಿನ ಒಬ್ಬ ಹುಡುಗಿಗೆ ಗಂಡಸಿನ ಕೈಬರಹದ ಪತ್ರವೊಂದು ಬಂತು. ಮೊದಲನೆಯ ಸಾಲಿನ ‘ಪ್ರೀತಿಯ’ ಎಂಬ ಶಬ್ದವನ್ನು ಓದಿದ ಕೂಡಲೇ ಮುಂದೆ ಓದದೆ ಅದನ್ನು ಮೇಜಿನ ಖಣದಲ್ಲಿಟ್ಟು ಕೀಲಿ ಹಾಕಿದೆನು. ಅವಳಿಗೆ ಹೇಳಲಿಲ್ಲ, ಆದರೆ ಅಂದಿನಿಂದ ಅವಳ ನಡೆನುಡಿಗಳನ್ನು ಸಂಶಯದಿಂದ ನೋಡುತ್ತ ಬಂದೆನು. ಬೇಸಿಗೆಯ ರಜೆಗೆ ಅವಳ ತಂದೆಯು ಬಂದಾಗ ಪತ್ರವನ್ನು ಅವರ ಕೈಯಲ್ಲಿಟ್ಟೆನು. ಅವರು ಅಲ್ಲಿಯೇ ನಿಂತು ಓದಿದರು. ಅದು ಅವಳ ಸೋದರಮಾವನ ಮಗನು ಬರೆದುದು: ದಾದಿಯರ ಶಿಕ್ಷಣಕ್ಕೆ ಅರ್ಜಿ ಹಾಕುವ ಕಡೆಯ ದಿನಾಂಕ ಇಂಥದು, ಬೇಕಾದ ಕಾಗದಗಳು ಇಂಥವು ಎಂದು. ಆ ದಿನಾಂಕವು ಕಳೆದುಹೋಗಿತ್ತು. ಅವಳು ಒಂದು ವರುಷ ಮನೆಯಲ್ಲಿ ಕುಳಿತು, ಮರುವರುಷ ಸೇರಿದಳು.

ಕ್ರಾಲಿಕನ ಮೇಲೆ ಹೊರಿಸಿದ ದೋಷವು ನನ್ನದೂ ಅಲ್ಲವೇ? ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಅವನಿಗಾದರೂ ಪೂರ್ತಿ ಗೊತ್ತಿತ್ತು. ನಾನು ಅರೆಬರೆ ತಿಳಿದು ಅದನ್ನೇ ಪೂರ್ತಿಯೆಂದು ನಂಬಿದೆನು. ಕಳೆದ ಡಿಸೆಂಬರದ ಆ ಚೀಟಿಗಳನ್ನು ಓದಿದ ರಾತ್ರಿಯೇ ಅವಳಿಗೆ ಪತ್ರ ಬರೆದು ಕ್ಷಮೆಯನ್ನು ಬೇಡಿದೆನು. ಅವಳೀಗ ದಾದಿಯಾಗಿದ್ದಾಳೆ, ಎರಡು ಮಕ್ಕಳ ತಾಯಿ. ಅವಳ ಉತ್ತರದಲ್ಲಿ ಸಿಟ್ಟಿರಲಿಲ್ಲ. “ಅಕ್ಕೋರ, ಅವತ್ತ ನನ್ನ ಕರದು ಒಂದ ಮಾತು ಕೇಳಿದ್ದರ ನಾನ ಓದಿ ಹೇಳತಿದ್ದೆ” ಎಂದಷ್ಟೇ ಇತ್ತು. ಅವಳ ಒಪ್ಪಿಗೆಯನ್ನು ಪಡೆದೇ ಇದನ್ನು ಇಲ್ಲಿ ಬರೆದಿದ್ದೇನೆ.

ಆದುದರಿಂದ ನನ್ನ ಅಭಿಪ್ರಾಯವು ಇಷ್ಟೇ. ಈ ಚಿತ್ರಪಟವು ಒಳ್ಳೆಯದು. ಅಮೇರಿಕೆಯವರು ಅದನ್ನು 1999ರಲ್ಲಿ ತಮ್ಮ ರಾಷ್ಟ್ರೀಯ ಚಲಚ್ಚಿತ್ರ ಭಾಂಡಾರದ ಪಟ್ಟಿಗೆ ಸೇರಿಸಿ ಕಾಪಾಡಿಕೊಂಡಿರುವದು ಯೋಗ್ಯವೇ. ಆದರೆ ಅದನ್ನು ಮೆಚ್ಚುವ ಹುಡುಗಿಯು ಕ್ರಾಲಿಕನ ನಗುಮುಖಕ್ಕೆ ಸೋತು ಅವನ ದೋಷವನ್ನು ಮರೆಯಬಾರದು. ಯಾವನಾದರೂ ಪತ್ರದಲ್ಲಾಗಲಿ, ಮೊಬೈಲಿನಲ್ಲಾಗಲಿ, ಹಿರಿಯರ ಮುಖಾಂತರವಾಗಲಿ ನಿನ್ನ ಬಾಳಿನಲ್ಲಿ ಕಾಲಿಡಲು ಬಂದರೆ, ಮಗಳೇ, ಈ ಒಂದು ಪ್ರಶ್ನೆಯನ್ನು ಕೇಳಿಕೊ: ನನ್ನ ವಿಷಯವಾಗಿ ಅವನಿಗೆ ಗೊತ್ತಿರುವಷ್ಟು ಅವನ ವಿಷಯವಾಗಿ ನನಗೆ ಗೊತ್ತಿದೆಯೇ? ಇಲ್ಲವೆಂದಾದರೆ ನಿಲ್ಲು, ಕೇಳು, ಉತ್ತರ ಬರುವ ತನಕ ಮುಂದಕ್ಕೆ ಹೆಜ್ಜೆಯಿಡಬೇಡ. ಇನ್ನೊಂದು ಮಾತು: ಹಾಳೆಯ ಮೇಲೆ ಚೆಂದಾಗಿ ಬರೆಯುವವನು ಗಲ್ಲೆಯ ಮುಂದೆ, ಮನೆಯಲ್ಲಿ, ಆಳುಮಕ್ಕಳೊಡನೆ ಹೇಗೆ ಮಾತನಾಡುತ್ತಾನೆಂಬದನ್ನು ನೋಡು. ನೀನೂ ಹಾಗೆಯೇ ನಡೆದುಕೊ.

ಪಾಲಕರಲ್ಲಿಯೂ ಒಂದು ವಿನಂತಿ. ಈ ವರುಷದಿಂದ ನಮ್ಮ ವಸತಿಗೃಹದಲ್ಲಿ ಹುಡುಗಿಗೆ ಬಂದ ಪತ್ರವಾಗಲಿ, ದೂರವಾಣಿಯ ಸಂದೇಶವಾಗಲಿ, ಮೊದಲು ಅವಳಿಗೇ ಮುಟ್ಟುವದು. ಸಂಶಯವಿದ್ದಲ್ಲಿ ಅವಳನ್ನು ಕುಳ್ಳಿರಿಸಿಕೊಂಡು, ಅವಳ ಕೈಯಿಂದಲೇ ಒಡೆಯಿಸಿ, ಅವಳ ಬಾಯಿಂದಲೇ ಕೇಳುವೆವು. ಕಾವಲನ್ನು ನಾವು ಬಿಟ್ಟಿಲ್ಲ; ಕತ್ತಲೆಯನ್ನು ಮಾತ್ರ ಬಿಟ್ಟಿದ್ದೇವೆ. ನೀವೂ ಮಗಳ ಲಗ್ನದ ಮಾತು ತೆಗೆಯುವಾಗ, ನಿಮಗೆ ತಿಳಿದುದನ್ನೆಲ್ಲ ಮೊದಲು ಅವಳಿಗೆ ತಿಳಿಸಿರಿ. ಅವಳ ವಯಸ್ಸೂ ಓದೂ ಪೂರ್ತಿಯಾದ ಮೇಲೆಯೇ ಆ ಮಾತು ತೆಗೆಯುವಿರೆಂದು ನಂಬಿದ್ದೇನೆ.

ಬರುವ ಡಿಸೆಂಬರದಲ್ಲಿಯೂ ಪರದೆಯನ್ನು ಕಟ್ಟುವೆವು. ಯಾವ ಚಿತ್ರವೆಂಬದನ್ನು ಈ ಸಲ ಹುಡುಗಿಯರೂ ತಾಯಂದಿರೂ ಕೂಡಿ ಆರಿಸಲಿ. ಅಲ್ಲಿಯ ವರೆಗೆ ಈ ಲೇಖನದ ವಿಷಯವಾಗಿ ನಿಮ್ಮ ಪ್ರಾಮಾಣಿಕ ಅಭಿಪ್ರಾಯವನ್ನು ಬರೆದು ಕಳುಹಿಸಿರಿ. ಒಪ್ಪಿಗೆಯಿಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ. ದಯಮಾಡಿ ಪಿರೋವಿಚ್ಚನಂತೆ ಮೆಟ್ಟಲು ಹತ್ತಿ ಓಡಬೇಡಿರಿ.